ಎಂಟು ಸೆಮಿಸ್ಟರ್, ಏಳು ಸೂಟಿ: ಸಿವಿಲ್ ಓದುವವರಿಗೆ ಬಾಗಲಕೋಟೆಯಿಂದ ಒಂದು ಯೋಜನೆ

ಸಿವಿಲ್ ಎಂಜಿನಿಯರಿಂಗ್ ಸೇರಲು ಹೊರಟವರು, ಅಥವಾ ಸೇರಿ ಒಂದೆರಡು ಸೆಮಿಸ್ಟರ್ ಕಳೆದವರು ಸಲಹೆ ಕೇಳಲು ಬಂದಾಗ ಅವರ ಮೊದಲ ಪ್ರಶ್ನೆ ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂಬುದಾಗಿರುತ್ತದೆ. ಜೊತೆಗೆ ಬಂದ ತಂದೆಯವರ ಪ್ರಶ್ನೆ ಪಗಾರದ್ದು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಉತ್ತರಿಸುವ ಮೊದಲು ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ: ಕಳೆದ ಸೂಟಿಯಲ್ಲಿ ಏನು ಮಾಡಿದಿರಿ? ಎಂಟು ಸೆಮಿಸ್ಟರ್‌ಗಳಲ್ಲಿ ಏನನ್ನು, ಯಾವ ಕ್ರಮದಲ್ಲಿ ಓದಬೇಕೆಂಬುದನ್ನು ವಿಶ್ವವಿದ್ಯಾಲಯವು ನಿಮ್ಮನ್ನು ಕೇಳದೆಯೇ ನಿರ್ಧರಿಸಿಟ್ಟಿದೆ, ಆದ್ದರಿಂದ ಅಲ್ಲಿ ನೀವು ಯೋಜಿಸಬೇಕಾದದ್ದು ಹೆಚ್ಚೇನೂ ಇಲ್ಲ. ನಿಮ್ಮ ಕೈಯಲ್ಲಿ ಉಳಿಯುವುದು ಆ ಎಂಟರ ನಡುವೆ ಬರುವ ಏಳು ಬಿಡುವುಗಳು. ಕೆಲವು ಎರಡು ವಾರದವು, ಕೆಲವು ತಿಂಗಳಿನವು. ಒಂದೇ ಕಾಲೇಜಿನಿಂದ, ಒಂದೇ ಬಗೆಯ ಅಂಕಪಟ್ಟಿ ಹಿಡಿದು ಹೊರಬರುವ ಇಬ್ಬರ ನಡುವೆ ನಾನು ಕಂಡ ವ್ಯತ್ಯಾಸವೆಲ್ಲ ಬಹುಪಾಲು ಆ ಬಿಡುವುಗಳಲ್ಲಿ ಹುಟ್ಟಿದ್ದು. ಹೀಗಾಗಿ ಈ ಬರಹ ಮುಖ್ಯವಾಗಿ ಸೂಟಿಗಳ ಬಗ್ಗೆ ಇದೆ. ಅವುಗಳ ಹಿಂದೆ ಬರುವ ಪ್ರವೇಶದ ನಿರ್ಧಾರ ಮತ್ತು ಮುಂದೆ ಬರುವ ಮೊದಲ ನೌಕರಿಯ ನಿರ್ಧಾರ ಎರಡನ್ನೂ ಅದಕ್ಕೆ ಹೊಂದಿಸಿ ಹೇಳಿದ್ದೇನೆ.

ಒಳಗೆ ಹೋಗುವ ಎರಡು ಬಾಗಿಲು

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದಾರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆದು, ರ್‍ಯಾಂಕಿನ ಪ್ರಕಾರ ಸೀಟು ಪಡೆಯುವುದು. ರ್‍ಯಾಂಕಿಗೆ ಪಿಯುಸಿಯ ಆ ಮೂರು ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತವೆಯಾದ್ದರಿಂದ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ಕಾಣುವಂತಿಲ್ಲ. ಎರಡನೆಯದು ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಮೂರನೆಯ ಸೆಮಿಸ್ಟರ್‌ಗೆ ಸೇರುವುದು. ಈ ದಾರಿಯನ್ನು ಮನೆಯವರು ಕೆಳದರ್ಜೆಯದೆಂದು ಭಾವಿಸುವುದನ್ನು ನೋಡಿದ್ದೇನೆ, ಆದರೆ ಲೆಕ್ಕ ಹಾಕಿದರೆ ಎರಡೂ ದಾರಿಗಳಲ್ಲಿ ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಹಿಡಿಯುವುದು ಆರೇ ವರ್ಷ. ಡಿಪ್ಲೊಮಾದಿಂದ ಬಂದವರು ಸರ್ವೆ ಮತ್ತು ಡ್ರಾಯಿಂಗ್‌ನಲ್ಲಿ ಮುಂದಿರುತ್ತಾರೆ, ಗಣಿತದಲ್ಲಿ ಹಿಂದೆ ಬೀಳುತ್ತಾರೆ. ಅವರು ಪ್ರವೇಶಕ್ಕೆ ಮೊದಲಿನ ಎರಡು ತಿಂಗಳನ್ನು ಕಲನಶಾಸ್ತ್ರಕ್ಕೇ ಇಟ್ಟರೆ ಆ ಅಂತರ ತುಂಬುತ್ತದೆ. ಸರ್ಕಾರದ ಕಿರಿಯ ಎಂಜಿನಿಯರ್ ಹುದ್ದೆಗಳಿಗೆ ಸಾಮಾನ್ಯವಾಗಿ ಕೇಳುವುದು ಡಿಪ್ಲೊಮಾವನ್ನೇ ಎಂಬುದೂ ನೆನಪಿನಲ್ಲಿರಲಿ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳವರು ದಾಖಲೆಗಳ ವಿಷಯದಲ್ಲಿ ಎರಡು ಸಂಗತಿ ತಿಳಿದಿರಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಸಿಇಟಿ ಪ್ರವೇಶದಲ್ಲಿದ್ದು, ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಓದಿದ ಶಾಲೆಗಳಿಂದ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯವರ ಸಹಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಇನ್ನೊಂದು, ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಸೇರಿದ್ದು. ಇಳಕಲ್ಲಿನ ವಿದ್ಯಾರ್ಥಿ ಪಕ್ಕದ, ಆದರೆ ಕಲ್ಯಾಣ ಕರ್ನಾಟಕಕ್ಕೆ ಸೇರಿದ ಕುಷ್ಟಗಿಯ ಗೆಳೆಯನಿಗೆ ಸಿಕ್ಕ ಸೀಟನ್ನು ನೋಡಿ ತನ್ನ ಆಪ್ಷನ್ ಪಟ್ಟಿ ತಯಾರಿಸಿದರೆ ಲೆಕ್ಕ ತಪ್ಪುತ್ತದೆ.

ಕಂಪ್ಯೂಟರ್ ಸೈನ್ಸ್‌ಗೆ ಹೋಲಿಸಿದರೆ ಸಿವಿಲ್ ಸೀಟು ಬಹಳ ಹಿಂದಿನ ರ್‍ಯಾಂಕಿಗೂ ಸಿಗುತ್ತದೆ. ಇದರಿಂದ ತರಗತಿಯಲ್ಲಿ ಅರ್ಧದಷ್ಟು ಜನ ಬೇರೆ ಯಾವುದೂ ಸಿಗಲಿಲ್ಲವೆಂದು ಬಂದವರೇ ಇರುತ್ತಾರೆ, ಮತ್ತು ಅವರ ನಿರುತ್ಸಾಹ ಉಳಿದವರಿಗೂ ಅಂಟುತ್ತದೆ. ಇದರ ಇನ್ನೊಂದು ಮುಖವೇನೆಂದರೆ ಕಾಲೇಜನ್ನು ಆಯ್ದುಕೊಳ್ಳುವ ಅವಕಾಶ ಸಿವಿಲ್ ಬಯಸುವವರಿಗೆ ಹೆಚ್ಚು. ನಮ್ಮ ಭಾಗದಲ್ಲಿ ಹಳೆಯ ಸಿವಿಲ್ ವಿಭಾಗಗಳಿಗೆ ಕೊರತೆಯಿಲ್ಲ: ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಲ್ಲಿ, ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆ 1979ರಲ್ಲಿ, ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ಡಾ. ಫ.ಗು. ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾದವು; 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಬೆಳಗಾವಿಯಲ್ಲಿದೆ. ಕಾಲೇಜನ್ನು ನೋಡಲು ಹೋದಾಗ ಕಟ್ಟಡದ ಮುಂಭಾಗವನ್ನು ನೋಡಬೇಡಿ, ಹಿಂದಿರುವ ವಸ್ತುಪರೀಕ್ಷೆಯ ಪ್ರಯೋಗಾಲಯಕ್ಕೆ ಹೋಗಿ. ಹೊರಗಿನ ಗುತ್ತಿಗೆದಾರರು ಕಾಂಕ್ರೀಟಿನ ಕ್ಯೂಬುಗಳನ್ನು ಪರೀಕ್ಷೆಗೆ ಹೊತ್ತು ತರುವ ಪ್ರಯೋಗಾಲಯವಿದ್ದರೆ ಅಲ್ಲಿ ಯಂತ್ರಗಳು ನಡೆಯುತ್ತಿವೆ, ಅಧ್ಯಾಪಕರಿಗೆ ಹೊರಗಿನ ಕೆಲಸದ ಸಂಪರ್ಕವಿದೆ ಎಂದು ಅರ್ಥ. ಆ ಕ್ಯೂಬುಗಳನ್ನು ಒತ್ತಿ ಒಡೆದು ನೋಡುವ ಕಂಪ್ರೆಷನ್ ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟಿದ್ದರೆ ಅದಕ್ಕೂ ಅರ್ಥವಿದೆ.

ಮನೆಗೆ ಹತ್ತಿರದ ಕಾಲೇಜೇ ಸಾಕೇ, ಬೆಂಗಳೂರಿಗೆ ಹೋಗಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸೂಟಿಗಳ ಲೆಕ್ಕದಿಂದಲೇ ಬರುತ್ತದೆ. ಪರಿಚಯದ ಗೌಂಡಿ, ಗೊತ್ತಿರುವ ಗುತ್ತಿಗೆದಾರ, ಸೈಕಲ್ಲಿನಲ್ಲಿ ತಲುಪಬಹುದಾದ ಕಾಮಗಾರಿ ಇರುವ ಊರಿನಲ್ಲಿ ಓದುವವನಿಗೆ ಸಿಗುವ ಕಲಿಕೆ ದೂರದ ಹಾಸ್ಟೆಲಿನಲ್ಲಿ ಸಿಗುವುದು ಕಷ್ಟ.

ಮೊದಲ ಸೂಟಿ: ಗೌಂಡಿಯ ಹಿಂದೆ

ಮೊದಲ ಸೆಮಿಸ್ಟರ್ ಮುಗಿದಾಗ ನಿಮಗೆ ಸಿವಿಲ್ ವಿಷಯ ಹೆಚ್ಚೇನೂ ಗೊತ್ತಿರುವುದಿಲ್ಲ, ಮತ್ತು ಅದೇ ಅನುಕೂಲ. ಓಣಿಯಲ್ಲಿ ಪಾಯ ತೋಡುತ್ತಿರುವ ಒಂದು ಮನೆಯನ್ನು ಹುಡುಕಿ, ಮಾಲೀಕರ ಅನುಮತಿ ಪಡೆದು, ಹದಿನೈದು ದಿನ ಬೆಳಿಗ್ಗೆ ಕೆಲಸದವರು ಬರುವ ಹೊತ್ತಿಗೆ ಹೋಗಿ ನಿಲ್ಲಿ. ಮೂರು, ನಾಲ್ಕು, ಐದು ಅಡಿಗಳ ದಾರ ಹಿಡಿದು ಗೌಂಡಿಯವರು ಮೂಲೆಯನ್ನು ಹೇಗೆ ಕಾಟಕೋನ, ಅಂದರೆ ಲಂಬಕೋನ, ಮಾಡುತ್ತಾರೆ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಎರಡು ಕಂಬಗಳ ಮಟ್ಟ ಹೇಗೆ ನೋಡುತ್ತಾರೆ, ಓಳಂಬಾ ಎಂದು ಕರೆಯುವ ತೂಗುಗುಂಡಿನಿಂದ ಗೋಡೆಯ ನೇರ ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ನೋಡಿ ಬರೆದುಕೊಳ್ಳಿ. ಮಾತನಾಡಿಸುವಾಗ ಗೌಂಡಿಯವರನ್ನು ವಯಸ್ಸಿಗೆ ತಕ್ಕಂತೆ ಕಾಕಾ, ಅಣ್ಣಾ ಎಂದೇ ಕರೆಯಿರಿ. ಎಂಜಿನಿಯರಿಂಗ್ ಓದುತ್ತಿದ್ದೇನೆಂದು ಪದೇಪದೇ ಹೇಳುವ ಅಗತ್ಯವಿಲ್ಲ.

ಅಳತೆಯ ಭಾಷೆ ಇಲ್ಲಿ ಎರಡಿದೆ. ಪುಸ್ತಕದಲ್ಲಿ ಘನ ಮೀಟರ್, ಸೈಟಿನಲ್ಲಿ ಬ್ರಾಸ್. ಖಡಿಯೂ ಉಸುಕೂ ಬರುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಆಲಮಟ್ಟಿಯ ನೀರನ್ನು ಅಳೆಯುವ ಟಿಎಂಸಿ ನೂರು ಕೋಟಿ ಘನ ಅಡಿ. ಹಾಗಾಗಿ ಒಂದು ಟಿಎಂಸಿ ಎಂದರೆ ಒಂದು ಕೋಟಿ ಬ್ರಾಸ್ ನೀರು. ಇಂಥ ಹೊಂದಾಣಿಕೆಗಳನ್ನು ನೀವೇ ಮಾಡಿಕೊಳ್ಳುತ್ತ ಹೋದರೆ ಪ್ರಮಾಣದ ಅಂದಾಜು ಕಣ್ಣಿಗೆ ಹತ್ತುತ್ತದೆ, ಮತ್ತು ಮುಂದೆ ಕಂಪ್ಯೂಟರ್ ಕೊಟ್ಟ ಉತ್ತರದಲ್ಲಿ ದಶಮಾಂಶ ಚುಕ್ಕಿ ಜಾರಿದ್ದರೆ ತಕ್ಷಣ ಗೊತ್ತಾಗುತ್ತದೆ.

ಈ ಸೂಟಿಯಲ್ಲಿ ಎಣಿಸಿ ನೋಡಬೇಕಾದ ಇನ್ನೊಂದು ಸಂಗತಿ ಕ್ಯೂರಿಂಗ್. ಕಾಂಕ್ರೀಟಿನ ಭಾರತೀಯ ಮಾನಕ ಸಂಹಿತೆಯಾದ ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ತೇವವಾಗಿಡಬೇಕು. ಒಣ, ಬಿಸಿ ಹವೆಗೆ ತೆರೆದುಕೊಂಡಿದ್ದರೆ 10 ದಿನ. ಹಾರುಬೂದಿಯಂಥದು ಬೆರೆತ ಸಿಮೆಂಟಾದರೆ ಅಂಥ ಹವೆಯಲ್ಲಿ 14 ದಿನ. ನಮ್ಮ ಅಂಗಡಿಗಳಲ್ಲಿ ಮನೆ ಕಟ್ಟಲು ಸಿಗುವ ಚೀಲಗಳಲ್ಲಿ ಹೆಚ್ಚಿನವು ಪಿಪಿಸಿ, ಅಂದರೆ ಬೆರೆತ ಸಿಮೆಂಟೇ. ಏಪ್ರಿಲ್ ತಿಂಗಳ ವಿಜಯಪುರ ಬಾಗಲಕೋಟೆಗಳ ಹವೆ ಒಣ, ಬಿಸಿ ಎನ್ನಲು ಯಾರ ಪ್ರಮಾಣಪತ್ರವೂ ಬೇಡ. ಆದರೂ ಸ್ಲ್ಯಾಬಿನ ಮೇಲೆ ಕಟ್ಟಿದ ಮಡಿಗಳಲ್ಲಿ ನೀರು ಎಷ್ಟು ದಿನ ನಿಂತಿತ್ತೆಂಬುದನ್ನು ನಿಮ್ಮ ವಹಿಯಲ್ಲಿ ತಾರೀಖು ಸಹಿತ ಬರೆದಿಡಿ. ಸಂಹಿತೆ ಹೇಳುವುದಕ್ಕೂ ಓಣಿಯಲ್ಲಿ ನಡೆಯುವುದಕ್ಕೂ ಇರುವ ದೂರವನ್ನು ಮೊದಲ ವರ್ಷದಲ್ಲೇ ಕಂಡ ವಿದ್ಯಾರ್ಥಿ ಮೂರನೆಯ ವರ್ಷದ ಕಾಂಕ್ರೀಟ್ ತಂತ್ರಜ್ಞಾನದ ಪಾಠವನ್ನು ಬೇರೆಯೇ ಆಸಕ್ತಿಯಿಂದ ಕೇಳುತ್ತಾನೆ. ಭಾರತೀಯ ಮಾನಕ ಬ್ಯೂರೊ ತನ್ನ ಮಾನಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ, ಆದ್ದರಿಂದ ಐಎಸ್ 456ನ್ನು ಇಳಿಸಿಕೊಂಡು ಮೊಬೈಲಿನಲ್ಲಿ ಇಟ್ಟುಕೊಳ್ಳಲು ಐದನೆಯ ಸೆಮಿಸ್ಟರ್‌ವರೆಗೆ ಕಾಯಬೇಕಾಗಿಲ್ಲ.

ಎರಡನೆಯದು: ಮಟ್ಟ

ಎರಡನೆಯ ಸೂಟಿಯಲ್ಲಿ ಸರ್ವೆಯವರ ಜೊತೆ ಸ್ಟಾಫ್, ಅಂದರೆ ಮಟ್ಟ ಓದುವ ಅಳತೆಪಟ್ಟಿ, ಹಿಡಿಯುವ ಕೆಲಸವಾದರೂ ಸಿಗುತ್ತದೆಯೇ ನೋಡಿ. ದೂರ, ಕೋನ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಸಿಗದಿದ್ದರೆ ಮಟ್ಟ ಮಾತ್ರ ನೋಡುವ ಆಟೊ ಲೆವೆಲ್ ಸಾಕು. ಇಲ್ಲಿ ಕಲಿಯಬೇಕಾದದ್ದು ಉಪಕರಣದ ಗುಂಡಿಗಳನ್ನಲ್ಲ, ಮಟ್ಟ ಗೊತ್ತಿರುವ ಗುರುತಿಗೆ, ಅಂದರೆ ಹೊರಟ ಬೆಂಚ್‌ಮಾರ್ಕಿಗೇ, ಮರಳಿ ಬಂದು ಲೆಕ್ಕ ಕೂಡುತ್ತದೆಯೇ ಎಂದು ಪರೀಕ್ಷಿಸುವ ಶಿಸ್ತನ್ನು. ಈ ಶಿಸ್ತು ನನಗೆ ಬಂದದ್ದು ತಡವಾಗಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಚರಂಡಿ ಕಾಮಗಾರಿಯಲ್ಲಿ ಸಂಜೆಯ ಅವಸರದಲ್ಲಿ ಕೊನೆಯ ಓದನ್ನು ತೆಗೆದು, ಮರಳಿ ಹೋಗಿ ಪರೀಕ್ಷಿಸದೆ ಪಾತಳಿಯ ಮಟ್ಟಗಳನ್ನು ಬರೆದುಕೊಟ್ಟೆ. ಉಪಕರಣವನ್ನು ಜಾಗ ಬದಲಿಸಿ ಇಡುವ ನಡುವಿನ ಒಂದು ಬಿಂದುವಿನಲ್ಲಿ ಓದು ತಪ್ಪಾಗಿತ್ತು. ಕಾಂಕ್ರೀಟು ಬಿದ್ದ ಎರಡು ದಿನಕ್ಕೆ ಹಿರಿಯ ಗೌಂಡಿಯೊಬ್ಬರು ಏನನ್ನೂ ಹೇಳದೆ ಒಂದು ಬಕೆಟ್ ನೀರನ್ನು ಚರಂಡಿಗೆ ಸುರಿದರು. ನೀರು ನಲವತ್ತು ಮೀಟರಿನಷ್ಟು ಉದ್ದಕ್ಕೆ ಹೊರಹರಿವಿನ ಕಡೆ ಹೋಗದೆ ಊರೊಳಗಿನ ಕಡೆಗೆ ಹರಿಯಿತು. ಒಡೆದು ಮರಳಿ ಹಾಕುವ ಖರ್ಚಿನಲ್ಲಿ ನನ್ನ ಎರಡು ತಿಂಗಳ ಪಗಾರವೂ ಸೇರಿತ್ತು.

ಮೂರನೆಯದು: ಎರೆಮಣ್ಣು

ನನ್ನ ಮಟ್ಟಿಗೆ ಏಳರಲ್ಲಿ ಬಹಳ ಮಹತ್ವದ ಸೂಟಿ ಇದು, ಏಕೆಂದರೆ ಈ ಮೂರು ಜಿಲ್ಲೆಗಳಲ್ಲಿ ಹುಟ್ಟಿದ ವಿದ್ಯಾರ್ಥಿಗೆ ಪುಸ್ತಕಕ್ಕಿಂತ ದೊಡ್ಡ ಪ್ರಯೋಗಾಲಯ ಮನೆಯ ಅಂಗಳದಲ್ಲೇ ಇದೆ. ಕೃಷ್ಣೆಯ ಉತ್ತರಕ್ಕೆ ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ ಹರಡಿಕೊಂಡಿದೆ. ಅದು ಶಿಥಿಲವಾಗಿ ಆದ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದ್ದು, ಅದು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಜೋಳಕ್ಕೆ ವರವಾದ ಈ ಗುಣ ಮನೆಗೆ ಕೇಡು. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲವೇ ಮಳೆಗಾಲದಲ್ಲಿ ನೆಲಹಾಸಿನ ಕಲ್ಲುಗಳನ್ನು ಮೇಲಕ್ಕೆತ್ತುತ್ತದೆ, ಕಿಟಕಿಯ ಮೂಲೆಗಳಿಂದ ಓರೆ ಬಿರುಕುಗಳನ್ನು ಹೊರಡಿಸುತ್ತದೆ.

ಇದನ್ನು ಅಳೆಯುವ ಅತಿ ಸರಳ ಪರೀಕ್ಷೆ ಐಎಸ್ 2720ರ 40ನೆಯ ಭಾಗದಲ್ಲಿದೆ. ಓವನ್‌ನಲ್ಲಿ ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಪಾಲು ಮಾಡಿ, 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕಲಕಿ, ಕನಿಷ್ಠ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಈ ಜೇಡಿ ಹಿಗ್ಗುವುದಿಲ್ಲ, ಆದ್ದರಿಂದ ಅದೇ ಹೋಲಿಕೆಯ ಅಳತೆ. ಸೀಮೆಎಣ್ಣೆಯ ಜಾಡಿಯಲ್ಲಿ ಮಣ್ಣು 10 ಮಿಲಿಲೀಟರಿಗೆ, ನೀರಿನ ಜಾಡಿಯಲ್ಲಿ 16 ಮಿಲಿಲೀಟರಿಗೆ ನಿಂತರೆ ವ್ಯತ್ಯಾಸವಾದ 6ನ್ನು 10ರಿಂದ ಭಾಗಿಸಿ, ಶೇ. 60 ಮುಕ್ತ ಹಿಗ್ಗುವಿಕೆ ಎಂದು ಬರೆಯಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಅನುಮತಿ ಕೇಳಿ, ನಿಮ್ಮೂರಿನ ಹತ್ತು ಜಾಗಗಳ ಮಣ್ಣನ್ನು ಹೀಗೆ ಪರೀಕ್ಷಿಸಿ, ಆ ಜಾಗಗಳಲ್ಲಿರುವ ಮನೆಗಳ ಬಿರುಕುಗಳ ಫೋಟೊ ಮತ್ತು ಅಗಲಗಳನ್ನು ಪಕ್ಕದಲ್ಲಿಟ್ಟರೆ ಅದು ಮೂರನೆಯ ಸೆಮಿಸ್ಟರಿನ ವಿದ್ಯಾರ್ಥಿಯ ಕೆಲಸವೆಂದು ಯಾರೂ ನಂಬುವುದಿಲ್ಲ.

ಅಲ್ಲಿಂದ ಮುಂದಿನ ಪ್ರಶ್ನೆ ಪರಿಹಾರದ್ದು. ಹಳಬರು ಎರೆಯನ್ನು ಪೂರ್ತಿ ತೋಡಿ ಗರಸು, ಅಂದರೆ ಕೆಳಗಿನ ಗಟ್ಟಿ ಹರಳುಮಣ್ಣು, ಹತ್ತುವವರೆಗೆ ಪಾಯ ಇಳಿಸುತ್ತಿದ್ದರು, ಅಥವಾ ಗರಸು ತುಂಬಿ ಬಡಿಯುತ್ತಿದ್ದರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಭಾರತದಲ್ಲಿ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ತಳದಲ್ಲಿ ಗಡ್ಡೆಯಂತೆ ಅಗಲವಾಗಿದ್ದು, ಋತುಮಾನಕ್ಕೆ ತಕ್ಕಂತೆ ತೇವ ಬದಲಾಗುವ ಪದರದ ಕೆಳಗೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಅದರ ವಿವರ ಐಎಸ್ 2911ರ 3ನೆಯ ಭಾಗದಲ್ಲಿದೆ. ಕಾಲುವೆಗಳ ಒಳಹೊದಿಕೆಯ ಕೆಳಗೆ ಹಿಗ್ಗದ ಅಂಟುಮಣ್ಣಿನ ಪದರ ಹಾಕುವ ವಿಧಾನವನ್ನು ಮುಂಬಯಿ ಐಐಟಿಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ರೂಪಿಸಿದರು. ಈ ಮೂರನ್ನೂ ಬೇಕಾದ ಖರ್ಚು, ಸಿಗುವ ಸಾಮಗ್ರಿ, ಕಟ್ಟಡದ ಭಾರ ಇವುಗಳ ಲೆಕ್ಕದಲ್ಲಿ ಹೋಲಿಸಿ ನಾಲ್ಕು ಪುಟ ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ನಿಮ್ಮ ಊರು ಯಾವುದೆಂದು ಕೇಳಿದಾಗ ಈ ನಾಲ್ಕು ಪುಟ ಕೆಲಸಕ್ಕೆ ಬರುತ್ತವೆ.

ನಾಲ್ಕನೆಯದು: ಲೆಕ್ಕ

ಎರಡನೆಯ ವರ್ಷದ ಕೊನೆಯ ದೊಡ್ಡ ಸೂಟಿಯನ್ನು ಪೂರ್ತಿ ಅಂದಾಜುಪಟ್ಟಿಗೆ ಇಡಿ. ಪಠ್ಯಕ್ರಮದಲ್ಲಿ ಈ ವಿಷಯ ಬಹಳ ಕೊನೆಗೆ ಬರುತ್ತದೆ, ಆದರೆ ಹೊಸ ಎಂಜಿನಿಯರಿಗೆ ಮೊದಲ ದಿನವೇ ಹೇಳುವ ಕೆಲಸ ಇದೇ. ಮೊದಲ ಸೂಟಿಯಲ್ಲಿ ನೋಡಿದ ಮನೆಯ ನಕಾಶೆಯನ್ನೇ ತೆಗೆದುಕೊಂಡು ಅಗೆತ, ಖಡಿ, ಇಟ್ಟಿಗೆ ಅಥವಾ ಬ್ಲಾಕು, ಕಾಂಕ್ರೀಟು, ಸೆಂಟ್ರಿಂಗ್, ಕಬ್ಬಿಣ ಎಲ್ಲವನ್ನೂ ಕೈಯಿಂದ ಲೆಕ್ಕ ಮಾಡಿ, ಆಮೇಲೆ ಎಕ್ಸೆಲ್‌ನಲ್ಲಿ ಮಾಡಿ. ಕಬ್ಬಿಣದ ಸರಳಿನ ತೂಕಕ್ಕೆ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೊ ಎಂಬುದು ಸಿಗುತ್ತದೆ: 12 ಎಂಎಂ ಸರಳಿಗೆ 0.89 ಕಿಲೊ, ಹನ್ನೆರಡು ಮೀಟರಿನ ಒಂದು ಸರಳಿಗೆ ಸುಮಾರು 10.7 ಕಿಲೊ. ಲಾರಿಯಿಂದ ಇಳಿದ ಕಟ್ಟಿನ ಸರಳುಗಳನ್ನು ಎಣಿಸಿ ತೂಕದ ಚೀಟಿಯೊಂದಿಗೆ ತಾಳೆ ನೋಡುವುದು ಈ ಒಂದು ಸೂತ್ರದಿಂದ ಸಾಧ್ಯ. ಎಷ್ಟೋ ಮಾಲೀಕರಿಗೆ ಎಂಜಿನಿಯರ್ ಮೇಲೆ ವಿಶ್ವಾಸ ಹುಟ್ಟುವುದು ಅಂಥ ಒಂದು ತಾಳೆಯಿಂದ.

ಬಳಿಕ ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು, ಅಂದರೆ ಎಲ್ಲರೂ ಎಸ್‌ಆರ್ ಎನ್ನುವುದನ್ನು ತೆಗೆದುಕೊಂಡು ಪ್ರಮಾಣಗಳಿಗೆ ದರ ಕೂಡಿಸಿ. ರಾಜ್ಯದ ಸಾರ್ವಜನಿಕ ಸಂಗ್ರಹಣೆಯ ಪೋರ್ಟಲ್‌ನಲ್ಲಿ ಪ್ರಕಟವಾಗುವ ಟೆಂಡರ್ ದಾಖಲೆಗಳನ್ನು ಓದುವ ಅಭ್ಯಾಸವನ್ನೂ ಇದೇ ಸೂಟಿಯಲ್ಲಿ ಮಾಡಿಕೊಳ್ಳಿ; ನಿಮ್ಮ ತಾಲ್ಲೂಕಿನ ಒಂದು ರಸ್ತೆಯ ಟೆಂಡರನ್ನು ಪೂರ್ತಿ ಓದಿದರೆ ಯಾವ ಪದರಕ್ಕೆ ಎಷ್ಟು ದಪ್ಪ, ಯಾವ ಪರೀಕ್ಷೆ, ಎಷ್ಟು ವರ್ಷ ನಿರ್ವಹಣೆಯ ಹೊಣೆ ಎಂಬುದು ಗೊತ್ತಾಗಿ, ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ನೋಡುವ ರೀತಿ ಬದಲಾಗುತ್ತದೆ.

ಐದು, ಆರು, ಏಳು

ಐದನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದು ಕವಲು ಬರುತ್ತದೆ: ರಚನೆಗಳ ವಿನ್ಯಾಸ, ನೀರು, ರಸ್ತೆ, ಅಥವಾ ಕಟ್ಟುವ ಕೆಲಸದ ನಿರ್ವಹಣೆ. ಗಟ್ಟಿ ಸೂತ್ರ ಇಲ್ಲಿ ಇಲ್ಲ. ಸ್ಟ್ರಕ್ಚರಲ್ ಅನಾಲಿಸಿಸ್‌ನ ಲೆಕ್ಕವನ್ನು ಪರೀಕ್ಷೆಗಾಗಿ ಅಲ್ಲದೆ ಸುಮ್ಮನೆ ಬಿಡಿಸಿ ಸಂತೋಷಪಟ್ಟವರು ವಿನ್ಯಾಸದ ಕಡೆ ಹೋಗಲಿ. ಹಾಗೆ ಅನ್ನಿಸದವರು ಎಲ್ಲರೂ ಹೋಗುತ್ತಾರೆಂದು ಅಲ್ಲಿಗೆ ಹೋಗಬಾರದು. ನನಗೆ ಅನ್ನಿಸುವಂತೆ ನಮ್ಮ ಭಾಗದವರು ನೀರನ್ನು ಅಗತ್ಯಕ್ಕಿಂತ ಕಡಿಮೆ ಆಯ್ದುಕೊಳ್ಳುತ್ತಾರೆ. 519.60 ಮೀಟರ್ ಮಟ್ಟದಲ್ಲಿ 123 ಟಿಎಂಸಿ ಹಿಡಿಯುವ ಆಲಮಟ್ಟಿ, ಕೆಳಗೆ ನಾರಾಯಣಪುರ, ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಮುಳವಾಡ ಮತ್ತು ಚಿಮ್ಮಲಗಿಯ ಏತ ನೀರಾವರಿಗಳು, ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗ ಮುಳುಗಿದ್ದರಿಂದ ಕಟ್ಟಿದ ನವನಗರ, ವಿಜಯಪುರದಲ್ಲಿ ಆದಿಲಶಾಹಿ ಕಾಲದ ಬೇಗಂ ತಲಾಬು ಮತ್ತು ನೆಲದೊಳಗಿನ ಕಾರೇಜ್ ಸುರಂಗಗಳು, ಇವೆಲ್ಲ ಒಂದು ದಿನದ ಬಸ್ ಪ್ರಯಾಣದಲ್ಲಿವೆ. ನೀರು ಪೂರೈಕೆಯ ಜಾಲಕ್ಕೆ ಬಳಸುವ ಇಪಿಎನೆಟ್, ನದಿಯ ಹರಿವಿಗೆ ಬಳಸುವ ಹೆಕ್‌ರಾಸ್, ನಕಾಶೆಗೆ ಕ್ಯೂಜಿಐಎಸ್ ಮೂರೂ ಉಚಿತ ತಂತ್ರಾಂಶಗಳು. ನಿಮ್ಮ ಊರಿನ ಮೇಲ್ಮಟ್ಟದ ಟ್ಯಾಂಕಿನಿಂದ ಕೊನೆಯ ಓಣಿಗೆ ನೀರು ಏಕೆ ಏರುವುದಿಲ್ಲವೆಂಬುದನ್ನು ಇಪಿಎನೆಟ್‌ನಲ್ಲಿ ತೋರಿಸುವ ಕೊನೆಯ ವರ್ಷದ ಪ್ರಾಜೆಕ್ಟ್ ಯಾವುದೇ ಕೊಂಡು ತಂದ ಪ್ರಾಜೆಕ್ಟಿಗಿಂತ ಮೇಲು.

ವಿನ್ಯಾಸ ಆಯ್ದುಕೊಂಡವರು ಗೋಲಗುಮ್ಮಟಕ್ಕೆ ಪ್ರವಾಸಿಗರಂತೆ ಹೋಗದೆ, ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟದ ಒತ್ತಡ ಒಂದನ್ನೊಂದು ಛೇದಿಸುವ ಕಮಾನುಗಳ ಮೂಲಕ ಚೌಕದ ಗೋಡೆಗಳಿಗೆ ಹೇಗೆ ಇಳಿಯುತ್ತದೆಂಬುದನ್ನು ವಹಿಯಲ್ಲಿ ಬಾಣದ ಗುರುತುಗಳಿಂದ ಬಿಡಿಸಿಕೊಂಡು ಬರಲಿ. ವಿನ್ಯಾಸದ ತಂತ್ರಾಂಶಗಳಾದ ಈಟ್ಯಾಬ್ಸ್, ಸ್ಟಾಡ್ ಕಲಿಯಬೇಕಾದದ್ದು ಒಂದು ಚೌಕಟ್ಟನ್ನು ಕೈಯಿಂದ ಬಿಡಿಸಿದ ಮೇಲೆ. ಆಟೊಕ್ಯಾಡ್‌ನ ವಿದ್ಯಾರ್ಥಿ ಆವೃತ್ತಿ ಉಚಿತವಾಗಿರುವಾಗ ಎರಡನೆಯ ವರ್ಷದಲ್ಲೇ ಸಾವಿರಾರು ರೂಪಾಯಿ ಕೊಟ್ಟು ಪ್ಯಾಕೇಜ್ ಕೋರ್ಸುಗಳಿಗೆ ಸೇರುವುದು ನನಗೆ ಒಪ್ಪಿಗೆಯಿಲ್ಲ.

ಎಂ.ಟೆಕ್. ಪ್ರವೇಶಕ್ಕೆ ನೋಡುವ ರಾಷ್ಟ್ರಮಟ್ಟದ ಪರೀಕ್ಷೆಯಾದ ಗೇಟ್ ಬರೆಯುವವರಿಗೆ ಒಂದು ಮಾತು. ಮೂರನೆಯ ವರ್ಷದವರೂ ಅದಕ್ಕೆ ಅರ್ಹರು ಮತ್ತು ಅಂಕಪತ್ರ ಮೂರು ವರ್ಷ ಊರ್ಜಿತವಾಗಿರುತ್ತದೆ, ಆದ್ದರಿಂದ ಆರನೆಯ ಸೆಮಿಸ್ಟರಿನ ಫೆಬ್ರುವರಿಯಲ್ಲಿ ಒಮ್ಮೆ ಬರೆದು ಪರೀಕ್ಷೆಯ ಸ್ವರೂಪ ತಿಳಿದುಕೊಳ್ಳಿ. ಮೂರು ಗಂಟೆಯಲ್ಲಿ 65 ಪ್ರಶ್ನೆ, 100 ಅಂಕ. ಒಳ್ಳೆಯ ಅಂಕ ಬಂದರೆ ಸುರತ್ಕಲ್ಲಿನ ಎನ್‌ಐಟಿಯಂಥ ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನದೊಂದಿಗೆ ಎಂ.ಟೆಕ್. ಮಾಡಬಹುದು, ಕೇಂದ್ರ ಸರ್ಕಾರದ ಕೆಲವು ಉದ್ಯಮಗಳೂ ನೇಮಕಕ್ಕೆ ಅದನ್ನೇ ನೋಡುತ್ತವೆ. ಏಳು ಸೂಟಿಗಳ ನಡುವೆ ಅಂಕಗಳನ್ನು ಮರೆಯುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ: ಹಲವು ಕಂಪನಿಗಳು ಶೇ. 60 ಮತ್ತು ಬಾಕಿ ವಿಷಯವಿಲ್ಲದಿರುವುದನ್ನು ಬಾಗಿಲಲ್ಲೇ ಕೇಳುತ್ತವೆ. ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಮತ್ತು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎರಡನ್ನು ಅರೆಬರೆ ಓದಿ ಪಾಸಾದವರಿಗೆ ಮುಂದಿನ ಎಲ್ಲ ವಿಷಯಗಳೂ ಬಾಯಿಪಾಠವಾಗುತ್ತವೆ.

ಮೊದಲ ಎರಡು ವರ್ಷದ ನೌಕರಿ

ಮೊದಲ ಕೆಲಸವನ್ನು ಪಗಾರದಿಂದಲ್ಲ, ಕಾಮಗಾರಿಯ ಹಂತದಿಂದ ಆರಿಸಿಕೊಳ್ಳಿ. ಪ್ಲಾಸ್ಟರ್ ನಡೆಯುತ್ತಿರುವ ಕಟ್ಟಡಕ್ಕಿಂತ ಪಾಯದಲ್ಲಿರುವ ಕಟ್ಟಡ ಮೇಲು, ಏಕೆಂದರೆ ಎರಡು ವರ್ಷದಲ್ಲಿ ಅದು ಫುಟಿಂಗ್‌ನಿಂದ ಫಿನಿಶಿಂಗ್‌ವರೆಗೆ ಎಲ್ಲವನ್ನೂ ತೋರಿಸುತ್ತದೆ. ಗುತ್ತಿಗೆದಾರರ ಕಡೆ ಸೇರಿದರೆ ಜನರನ್ನು ನಡೆಸುವುದು, ಸಾಮಗ್ರಿ ಒದಗಿಸುವುದು ಬರುತ್ತದೆ. ಮೂರನೆಯವರಾಗಿ ಗುಣಮಟ್ಟ ನೋಡುವ ಸಲಹಾ ಸಂಸ್ಥೆಗೆ ಸೇರಿದರೆ ಪರೀಕ್ಷೆ ಮತ್ತು ದಾಖಲೆ ಬರುತ್ತವೆ. ವಿನ್ಯಾಸದ ಕಚೇರಿಗೆ ಹೋಗುವವರೂ ಮೊದಲು ಆರು ತಿಂಗಳು ಸೈಟಿನಲ್ಲಿದ್ದರೆ ಕಟ್ಟಲಾಗದ ಕಬ್ಬಿಣದ ಜಾಲವನ್ನು ಕಾಗದದ ಮೇಲೆ ಬರೆಯುವುದಿಲ್ಲ. ಸೇರುವ ಮೊದಲು ಯಾರ ಕೈಕೆಳಗೆ ಕೆಲಸ, ವಾರಕ್ಕೆ ಎಷ್ಟು ದಿನ, ವಸತಿ ಎಲ್ಲಿ ಎಂದು ಕೇಳಿ. ಹೆಣ್ಣುಮಕ್ಕಳು ಸೈಟಿನಲ್ಲಿ ಶೌಚಾಲಯವಿದೆಯೇ, ರಾತ್ರಿ ಕಾಂಕ್ರೀಟಿದ್ದರೆ ಮರಳುವ ವಾಹನದ ವ್ಯವಸ್ಥೆ ಏನು ಎಂದು ಸಂಕೋಚವಿಲ್ಲದೆ ಕೇಳಬೇಕು. ಉತ್ತರ ತಡವರಿಸಿದರೆ ಅದೇ ಉತ್ತರ.

ಅಳತೆ ಪುಸ್ತಕದಲ್ಲಿ, ಅಂದರೆ ಎಂ‌ಬಿಯಲ್ಲಿ, ನಿಮ್ಮ ಕೈಯಿಂದ ಅಳೆಯದ ಅಂಕಿಗೆ ಸಹಿ ಹಾಕಬೇಡಿ. ಮುಚ್ಚಿಹೋಗುವ ಕೆಲಸಗಳ, ಅಂದರೆ ಪಾಯದ ಆಳ, ಕಬ್ಬಿಣದ ಅಂತರ, ನೆಲದಡಿಯ ಪೈಪು ಇವುಗಳ ಫೋಟೊವನ್ನು ಟೇಪು ಕಾಣುವಂತೆ ಅದೇ ದಿನ ತೆಗೆದಿಡಿ. ಒಂದೂವರೆ ಮೀಟರಿಗಿಂತ ಆಳದ ಎರೆಮಣ್ಣಿನ ಗುಂಡಿಯೊಳಗೆ ಆಧಾರವಿಲ್ಲದೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ಅದರ ಗೋಡೆ ಬಿರುಕಿನ ಗುಂಟ ಒಮ್ಮೆಲೇ ಕಳಚಿ ಬೀಳುತ್ತದೆ.

ಸರ್ಕಾರಿ ಹುದ್ದೆಯ ಆಸೆ ನಮ್ಮ ಭಾಗದಲ್ಲಿ ಸಹಜ. ಲೋಕೋಪಯೋಗಿ, ಜಲಸಂಪನ್ಮೂಲ, ಗ್ರಾಮೀಣಾಭಿವೃದ್ಧಿ ಇಲಾಖೆಗಳು, ಕೃಷ್ಣಾ ಭಾಗ್ಯ ಜಲ ನಿಗಮ, ಕರ್ನಾಟಕ ನೀರಾವರಿ ನಿಗಮ, ಕೇಂದ್ರದ ಎಸ್‌ಎಸ್‌ಸಿ ಜೆಇ, ರೈಲ್ವೆ, 30ರ ವಯೋಮಿತಿಯೊಳಗೆ ಬರೆಯಬೇಕಾದ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವೆಗಳ ಪರೀಕ್ಷೆ, ದಾರಿಗಳು ಹಲವಿವೆ. ಆದರೆ ರಾಜ್ಯದ ನೇಮಕಾತಿಗಳು ವರ್ಷಕ್ಕೊಮ್ಮೆ ನಿಯಮದಂತೆ ಬರುವುದಿಲ್ಲ, ಅಧಿಸೂಚನೆಯಿಂದ ಆದೇಶದವರೆಗೆ ವರ್ಷಗಳೇ ಕಳೆಯಬಹುದು. ಕೋಚಿಂಗ್ ಕೇಂದ್ರಗಳಿರುವ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ನಾಲ್ಕೈದು ವರ್ಷ ಕಾಯ್ದು, ಕೊನೆಗೆ ಪದವಿಯೂ ಹಳೆಯದಾಗಿ ಅನುಭವವೂ ಇಲ್ಲದೆ ನಿಂತವರನ್ನು ನಾನು ಬಲ್ಲೆ. ಕೆಲಸದಲ್ಲಿದ್ದುಕೊಂಡೇ ಬೆಳಿಗ್ಗೆ ಎರಡು ಗಂಟೆ ಓದಿ. ಕೆಲಸ ಬಿಟ್ಟು ಓದಲೇಬೇಕೆಂದರೆ ಒಂದು ವರ್ಷದ ಗಡಿಯನ್ನು ಮನೆಯವರ ಮುಂದೆ ಹೇಳಿ ಹಾಕಿಕೊಳ್ಳಿ.

ಒಂದು ಸಂಸ್ಥೆಯನ್ನು ಬಿಡುವಾಗ ಪಡೆಯುವ ಅನುಭವ ಪ್ರಮಾಣಪತ್ರದಲ್ಲಿ ಸೇರಿದ ಮತ್ತು ಬಿಟ್ಟ ತಾರೀಖಿನ ಜೊತೆಗೆ ಕಾಮಗಾರಿಯ ಹೆಸರು, ನಿಮ್ಮ ಹೊಣೆ, ನಿಮ್ಮ ಮೇಲ್ವಿಚಾರಣೆಯಲ್ಲಿ ಬಿದ್ದ ಕಾಂಕ್ರೀಟು ಎಷ್ಟು ಘನ ಮೀಟರ್, ಕಬ್ಬಿಣ ಎಷ್ಟು ಟನ್ ಎಂಬುದನ್ನು ಬರೆಸಿಕೊಳ್ಳಿ. ಶ್ರದ್ಧೆಯಿಂದ ದುಡಿದರೆಂಬ ಒಂದು ವಾಕ್ಯವನ್ನು ಎಲ್ಲರಿಗೂ ಬರೆದುಕೊಡುತ್ತಾರೆ. ಅಂಕಿಗಳನ್ನು ಬರೆಸಲು ನೀವೇ ಅವುಗಳನ್ನು ಕೊಡಬೇಕಾಗುತ್ತದೆ, ಮತ್ತು ಅವು ನಿಮ್ಮ ದಿನಚರಿಯ ವಹಿಯಲ್ಲಿ ಇದ್ದರೆ ಮಾತ್ರ ಸಿಗುತ್ತವೆ. ಆದ್ದರಿಂದ ಆ ವಹಿಯನ್ನು ಮೊದಲ ದಿನವೇ ತೆರೆದು ತಾರೀಖು, ಹವೆ, ಬಂದ ಕೂಲಿಯವರ ಸಂಖ್ಯೆ, ಬಿದ್ದ ಕಾಂಕ್ರೀಟಿನ ಪ್ರಮಾಣ, ತೆಗೆದ ಕ್ಯೂಬುಗಳ ಗುರುತು ಇಷ್ಟನ್ನು ಸೈಟು ಬಿಡುವ ಮುನ್ನ ಬರೆಯಿರಿ.